ಮಾರ್ಚ್ ಮೊದಲ ವಾರ: ಡೆತ್ ವ್ಯಾಲಿ, ಸಿಕ್ವೋಯಾ, ಝಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನ್ಯನ್, ಎಲ್ಲ ಒಂದೇ ಸುತ್ತಿನಲ್ಲಿ ಆಗುತ್ತಾ?

ಹಾದಿಬದಿ

ಎಲ್ಲರಿಗೂ ನಮಸ್ಕಾರ. ಮಾರ್ಚ್ ಮೊದಲ ವಾರ ಪೂರ್ತಿ ರಜೆ ಸಿಕ್ಕಿದೆ, ಹಿಂದೆ ಮುಂದೆ ಎರಡು ವೀಕೆಂಡ್ ಸೇರಿಸಿಕೊಳ್ಳಬಹುದು. ಅಪ್ಪ ಅಮ್ಮ ಊರಿಂದ ಬಂದಿದ್ದಾರೆ, ಜೂನ್ ಕೊನೆವರೆಗೂ ಇರುತ್ತಾರೆ. ಇಬ್ಬರೂ ಅರವತ್ತೈದು ದಾಟಿದವರು. ಚೆನ್ನಾಗಿಯೇ ನಡೆಯುತ್ತಾರೆ, ಆದರೆ ಅಪ್ಪನಿಗೆ ಮಂಡಿನೋವು, ಇಳಿಜಾರು ಕಷ್ಟ. ಮಕ್ಕಳಿಬ್ಬರು, ದೊಡ್ಡವಳು ನಾಲ್ಕನೇ ತರಗತಿ.

ಅಮೆರಿಕದ ಪಶ್ಚಿಮದ ರಾಷ್ಟ್ರೀಯ ಉದ್ಯಾನಗಳ ಸುತ್ತು, ಪ್ಲಾನ್ ಹೀಗಿದೆ. ವಿಮಾನದಲ್ಲಿ ಲಾಸ್ ವೇಗಸ್, ಅಲ್ಲಿ ಏಳು ಸೀಟಿನ ಬಾಡಿಗೆ ಗಾಡಿ. ಮೊದಲು ಡೆತ್ ವ್ಯಾಲಿ. ಅಲ್ಲಿಂದ ಸಿಕ್ವೋಯಾ, ಯೊಸೆಮಿಟಿ. ಬೆಟ್ಟ ದಾಟುವ ಟಯೋಗಾ ರಸ್ತೆ ಹಿಡಿದು ವಾಪಸ್. ಆಮೇಲೆ ಝಯಾನ್, ಬ್ರೈಸ್, ಕೊನೆಗೆ ಗ್ರ್ಯಾಂಡ್ ಕ್ಯಾನ್ಯನ್‌ನ ನಾರ್ತ್ ರಿಮ್ (ಉತ್ತರದ ಅಂಚು), ಯಾಕಂದ್ರೆ ಝಯಾನ್‌ಗೆ ಅದೇ ಹತ್ತಿರ. ಮ್ಯಾಪಿನಲ್ಲಿ ನೋಡಿದರೆ ಡೆತ್ ವ್ಯಾಲಿಗೂ ಸಿಕ್ವೋಯಾಗೂ ಒಂದಂಗುಲ ಅಂತರ. ಅಪ್ಪನಿಗೆ ದೊಡ್ಡ ಮರಗಳನ್ನು ನೋಡುವ ಆಸೆ, ಅಮ್ಮನಿಗೆ ಗ್ರ್ಯಾಂಡ್ ಕ್ಯಾನ್ಯನ್, ನನಗೆ ಮರುಭೂಮಿಯ ಹೂವು. ಚಳಿಗೆ ಎಂಥ ಬಟ್ಟೆ ಬೇಕು? ಹಿಮದಲ್ಲಿ ಜಾರದ ಹಾಗೆ ಟೈರಿಗೆ ಚೈನ್ ಬೇಕಾ? ಎಲ್ಲಿ ಎಷ್ಟು ದಿನ ಇರಬೇಕು? ಹೋಗಿಬಂದವರು ಹೇಳಿ.

ಬಿಸಿಲುಕುದುರೆ

ಅಕ್ಕ, ಈ ಪ್ಲಾನ್‌ನಲ್ಲಿ ನಿದ್ದೆ ಮಾಡೋದು ಯಾವಾಗ? 🙂

ಕಣಿವೆಯಂಚು

ಮೇಡಂ, ಆ ಒಂದಂಗುಲದಲ್ಲಿ ಸಿಯೆರಾ ನೆವಾಡಾ ಪರ್ವತಸಾಲು ಪೂರ್ತಿ ನಿಂತಿದೆ. ಡೆತ್ ವ್ಯಾಲಿಯ ಬ್ಯಾಡ್‌ವಾಟರ್ ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗಿದೆ. ಅಲ್ಲಿಂದ ನೇರ ಗೆರೆ ಎಳೆದರೆ ಸುಮಾರು 85 ಮೈಲಿಗೆ ಮೌಂಟ್ ವಿಟ್ನಿ, 14,505 ಅಡಿ. ಸಿಕ್ವೋಯಾ ಉದ್ಯಾನದ ಪೂರ್ವದ ಗಡಿ ಆ ಶಿಖರದ ಮೇಲೇ ಹಾದುಹೋಗುತ್ತದೆ. ನಿಮ್ಮ ತಂದೆಯವರು ನೋಡಬೇಕೆಂದಿರುವ ಮರಗಳು ಇರುವುದು ಪಶ್ಚಿಮದ ಮಗ್ಗುಲಲ್ಲಿ. ಪೂರ್ವದಿಂದ ಆ ಉದ್ಯಾನದೊಳಗೆ ಕಾರು ಹೋಗುವ ರಸ್ತೆಯೇ ಇಲ್ಲ, ಬೇಸಿಗೆಯಲ್ಲೂ ಇಲ್ಲ.

ಟಯೋಗಾ ಪಾಸ್ (ಪಾಸ್ ಅಂದರೆ ಬೆಟ್ಟ ದಾಟುವ ಕಣಿವೆದಾರಿ) 9,943 ಅಡಿ ಎತ್ತರದಲ್ಲಿದೆ. ನವೆಂಬರ್ ಹೊತ್ತಿಗೆ ಮುಚ್ಚಿದರೆ ಸಾಮಾನ್ಯವಾಗಿ ಮೇ ಕೊನೆ ಅಥವಾ ಜೂನ್‌ವರೆಗೆ ತೆಗೆಯುವುದಿಲ್ಲ. ಅದರ ಉತ್ತರಕ್ಕಿರುವ ಸೊನೋರಾ ಪಾಸ್, ಎಬೆಟ್ಸ್ ಪಾಸ್ ಕೂಡ ಚಳಿಗಾಲವಿಡೀ ಬಂದ್. ಹಾಗಾಗಿ ಡೆತ್ ವ್ಯಾಲಿಯಿಂದ ದಕ್ಷಿಣಕ್ಕೆ ಇಳಿದು, ವಾಕರ್ ಪಾಸ್ ಅಥವಾ ಟೆಹಾಚಪಿ ದಾಟಿ, ಬೇಕರ್ಸ್‌ಫೀಲ್ಡ್ ಕಡೆಯಿಂದ ಮತ್ತೆ ಮೇಲೆ ಹತ್ತಬೇಕು. ಐದಾರು ಗಂಟೆ ಬರೀ ಡ್ರೈವಿಂಗ್. ವಾಪಸ್ ಬರುವಾಗಲೂ ಅದೇ ಸುತ್ತು.

ನಾರ್ತ್ ರಿಮ್ ಕೂಡ ಕೈಬಿಡಿ. ಆ ಕಡೆ ಮೇ ಮಧ್ಯದವರೆಗೆ ಮುಚ್ಚಿರುತ್ತದೆ. ಜೊತೆಗೆ 2025ರ ಜುಲೈನಲ್ಲಿ ಡ್ರ್ಯಾಗನ್ ಬ್ರಾವೊ ಕಾಳ್ಗಿಚ್ಚಿಗೆ ಅಲ್ಲಿನ ಹಳೆಯ ಲಾಡ್ಜ್ ಸುಟ್ಟುಹೋಯಿತು. ಮಾರ್ಚ್‌ನಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಅಂದರೆ ದಕ್ಷಿಣದ ಅಂಚು, ಸೌತ್ ರಿಮ್ ಅಷ್ಟೇ. ಅದು ವರ್ಷಪೂರ್ತಿ ತೆರೆದಿರುತ್ತದೆ.

ಮಾರ್ಚ್ ಪ್ಲಾನ್ ಮಾಡುವವರಿಗೆ ನಾನು ಯಾವಾಗಲೂ ಹೇಳುವುದು ಇಷ್ಟೇ: ಮೈಲಿ ಪಕ್ಕಕ್ಕಿಡಿ, ಮೊದಲು ಪ್ರತಿ ಜಾಗದ ಎದುರಿಗೆ ಅದರ ಎತ್ತರ ಬರೆಯಿರಿ. ಡೆತ್ ವ್ಯಾಲಿಯೊಳಗಿನ ಫರ್ನೆಸ್ ಕ್ರೀಕ್ ಸಮುದ್ರಮಟ್ಟಕ್ಕಿಂತ ಕೆಳಗೆ. ಝಯಾನ್ ಕಣಿವೆಯ ತಳ ಸುಮಾರು 4,000 ಅಡಿ. ಸೌತ್ ರಿಮ್ ಸುಮಾರು 7,000. ಬ್ರೈಸ್‌ನ ಅಂಚು 8,000ದಿಂದ 9,100. ಪ್ರತಿ ಸಾವಿರ ಅಡಿಗೆ 3ರಿಂದ 5 ಡಿಗ್ರಿ ಫ್ಯಾರನ್‌ಹೀಟ್ ಇಳಿಯುತ್ತದೆ. ಡೆತ್ ವ್ಯಾಲಿಯಲ್ಲಿ ಮಧ್ಯಾಹ್ನ 80ರ ಆಸುಪಾಸು, ಅರೆತೋಳಿನ ಅಂಗಿ ಸಾಕು. ಅದೇ ವಾರ ಬ್ರೈಸ್‌ನಲ್ಲಿ ಹಗಲು 40ರ ಆಚೀಚೆ, ರಾತ್ರಿ 20ರ ಹತ್ತಿರ, ಕಾಲಡಿ ಹಿಮ. ನಿಮ್ಮ ಪಟ್ಟಿಯಲ್ಲಿ ಮೂರು ಋತುಗಳಿವೆ. ಎರಡಕ್ಕೆ ಸಾಮಾನು ಕಟ್ಟಬಹುದು, ಮೂರಕ್ಕೂ ಕಟ್ಟಿದರೆ ಗಾಡಿಯಲ್ಲಿ ಜನರಿಗೆ ಜಾಗ ಇರಲ್ಲ.

ಹಾದಿಬದಿ

ಅಯ್ಯೋ, ಗೂಗಲ್ ಮ್ಯಾಪ್ ಏನೋ ದಾರಿ ತೋರಿಸಿತಲ್ಲ? ಯೊಸೆಮಿಟಿ ಬಿಡೋಣ, ಬೇಜಾರಿಲ್ಲ. ಆದರೆ ಸಿಕ್ವೋಯಾ ಬಿಟ್ಟರೆ ಅಪ್ಪ ಮುಖ ಊದಿಸಿಕೊಳ್ಳುತ್ತಾರೆ.

ಮಂಜುಹನಿ

ಜೂನ್‌ವರೆಗೂ ಇರ್ತಾರಲ್ವಾ ಅಪ್ಪ? ಹಾಗಿದ್ರೆ ಸಿಕ್ವೋಯಾವನ್ನು ಜೂನ್‌ಗೆ ಇಡಿ. ಮರಗಳು ಎಲ್ಲೂ ಓಡಿಹೋಗಲ್ಲ, ಎರಡು ಸಾವಿರ ವರ್ಷದಿಂದ ಅಲ್ಲೇ ನಿಂತಿವೆ.

ಸುಮ್ನೆ ಹೇಳ್ತಿಲ್ಲ. ಜನರಲ್ ಶೆರ್ಮನ್ ಮರ ಇರುವ ಜೈಂಟ್ ಫಾರೆಸ್ಟ್ 6,500 ಅಡಿ ಮೇಲಿದೆ. ಅಲ್ಲಿಗೆ ಹೋಗುವ ಜನರಲ್ಸ್ ಹೈವೇ ತಿರುವುಮುರುವಿನ ಕಡಿದಾದ ರಸ್ತೆ, ಮಾರ್ಚ್‌ನಲ್ಲಿ ಹಿಮ ಬಿದ್ದರೆ ಚೈನ್ ಕಡ್ಡಾಯ ಮಾಡುತ್ತಾರೆ. ಒಮ್ಮೊಮ್ಮೆ ರಸ್ತೆಯನ್ನೇ ಮುಚ್ಚುತ್ತಾರೆ. ಹಿಮದ ನಡುವೆ ಆ ಕೆಂಪು ಕಾಂಡಗಳನ್ನು ನೋಡುವುದು ಚಂದವೇ, ನಾನು ಇಲ್ಲ ಅನ್ನಲ್ಲ. ಆದರೆ ಶೆರ್ಮನ್ ಮರದ ಬುಡಕ್ಕೆ ಮುಖ್ಯ ಪಾರ್ಕಿಂಗ್‌ನಿಂದ ಇಳಿದುಹೋಗುವ ದಾರಿ ಇದೆ. ಮಂಡಿನೋವಿನವರಿಗೆ ಒತ್ತಿ ಗಟ್ಟಿಯಾದ ಹಿಮದ ಮೇಲೆ ಇಳಿಜಾರು ಅಂದ್ರೆ ಬೇಡವೇ ಬೇಡ. ಜೂನ್‌ನಲ್ಲಿ ಅದೇ ದಾರಿ ಒಣಗಿದ ಡಾಂಬರು.

ಚೈನ್ ವಿಷಯ: ಕ್ಯಾಲಿಫೋರ್ನಿಯಾದಲ್ಲಿ ಮೂರು ಹಂತ ಇದೆ, ಆರ್1, ಆರ್2, ಆರ್3. ಆರ್2 ಬೋರ್ಡು ಹಾಕಿದಾಗ ನಾಲ್ಕೂ ಚಕ್ರಕ್ಕೆ ಹಿಮದ ಟೈರ್ ಇರುವ ಫೋರ್ ವೀಲ್ ಡ್ರೈವ್‌ಗೆ ಚೈನ್ ಕಟ್ಟುವುದರಿಂದ ವಿನಾಯಿತಿ ಉಂಟು, ಆದರೆ ಚೈನ್ ಗಾಡಿಯಲ್ಲಿ ಇರಲೇಬೇಕು. ಆರ್3 ಅಂದ್ರೆ ಎಲ್ಲರೂ ಕಟ್ಟಲೇಬೇಕು, ಆದರೆ ಆ ಹೊತ್ತಿಗೆ ಸಾಮಾನ್ಯವಾಗಿ ರಸ್ತೆಯನ್ನೇ ಮುಚ್ಚಿರುತ್ತಾರೆ. ಬಾಡಿಗೆ ಕಂಪನಿಗಳಲ್ಲಿ ಬಹಳಷ್ಟು ತಮ್ಮ ಕರಾರಿನಲ್ಲಿ ಚೈನ್ ಕಟ್ಟಬಾರದು ಅಂತ ಬರೆದಿರುತ್ತವೆ. ಟೈರೋ ಮಡ್‌ಗಾರ್ಡೋ ಕಿತ್ತರೆ ದುಡ್ಡು ನಿಮ್ಮದು. ಕಾನೂನು ಕಟ್ಟು ಅನ್ನುತ್ತೆ, ಕರಾರು ಬೇಡ ಅನ್ನುತ್ತೆ. ಈ ಜಗಳದ ಮಧ್ಯೆ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಯಾಕೆ ನಿಲ್ಲಬೇಕು?

ಬಿಸಿಲುಕುದುರೆ

ಮಂಜುಹನಿ ಹೇಳಿದ್ದಕ್ಕೆ ನನ್ನದೂ ಒಂದು ಓಟು. ನಾನಿರೋದು ವೇಗಸ್‌ನಲ್ಲಿ. ಮಕ್ಕಳಿಗೆ ಹಿಮದಲ್ಲಿ ಆಡಬೇಕು ಅಂತಿದ್ರೆ ಮೌಂಟ್ ಚಾರ್ಲ್‌ಸ್ಟನ್ ಇಲ್ಲೇ ಇದೆ, ಶಿಖರ 11,916 ಅಡಿ. ಊರಿಂದ ಒಂದು ಗಂಟೆಯೊಳಗೆ ಹಿಮ. ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ವಾಪಸ್. ಅದಕ್ಕೋಸ್ಕರ ಸಿಕ್ವೋಯಾವರೆಗೆ ಹೋಗಬೇಕಿಲ್ಲ.

ಲೆಕ್ಕದವ

ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ.

2026ರ ಜನವರಿ 1ರಿಂದ ನಿಯಮ ಬದಲಾಗಿದೆ. ಇಲ್ಲಿನ ನಿವಾಸಿಗಳಿಗೆ ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಮೊದಲಿನ ಹಾಗೆ 80 ಡಾಲರ್. ನಿವಾಸಿಗಳಲ್ಲದವರಿಗೆ 250 ಡಾಲರ್. ಅವರು ಪಾಸ್ ಇಲ್ಲದೆ ಬಂದರೆ ಹನ್ನೊಂದು ಉದ್ಯಾನಗಳಲ್ಲಿ ಪ್ರವೇಶ ಶುಲ್ಕದ ಮೇಲೆ ತಲೆಗೆ 100 ಡಾಲರ್ ಹೆಚ್ಚುವರಿ, 16 ವರ್ಷ ಮತ್ತು ಮೇಲ್ಪಟ್ಟವರಿಗೆ. ಆ ಹನ್ನೊಂದರಲ್ಲಿ ಗ್ರ್ಯಾಂಡ್ ಕ್ಯಾನ್ಯನ್, ಝಯಾನ್, ಬ್ರೈಸ್, ಸಿಕ್ವೋಯಾ, ಯೊಸೆಮಿಟಿ ಎಲ್ಲ ಇವೆ. ಡೆತ್ ವ್ಯಾಲಿ ಇಲ್ಲ, ಜೋಶುವಾ ಟ್ರೀ ಇಲ್ಲ.

ನಿಮ್ಮ ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಬಂದಿದ್ದರೆ ಇದು ತಟ್ಟಬಹುದು. ಯಾವ ಪಾಸೂ ಇಲ್ಲದಿದ್ದರೆ ಇಬ್ಬರಿಗೆ ಮೂರು ಉದ್ಯಾನ ಅಂದರೆ 600 ಡಾಲರ್ ಹೆಚ್ಚುವರಿ. ಅದಕ್ಕಿಂತ ಅವರಿಗೆ 250ರ ಪಾಸ್ ಮಾಡಿಸುವುದೇ ಅಗ್ಗ. ಅದು ವರ್ಷಪೂರ್ತಿ ನಡೆಯುತ್ತದೆ, ಜೂನ್‌ನ ಸಿಕ್ವೋಯಾಗೂ ಆಗುತ್ತದೆ. ಗೇಟಿನಲ್ಲಿ ಗುರುತಿನ ಚೀಟಿ ಕೇಳುತ್ತಾರೆ, ಪಾಸ್‌ಪೋರ್ಟ್ ಸೂಟ್‌ಕೇಸಿನ ತಳಕ್ಕೆ ತುರುಕಬೇಡಿ. 62 ದಾಟಿದವರ ಸೀನಿಯರ್ ಪಾಸ್ ಇದೆಯಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದು ಇಲ್ಲಿನ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ.

ಮಗಳು ನಾಲ್ಕನೇ ತರಗತಿ ಅಂದಿರಿ. ಆ ತರಗತಿಯ ಮಕ್ಕಳಿಗೆ ‘ಎವ್ರಿ ಕಿಡ್ ಔಟ್‌ಡೋರ್ಸ್’ ಅಂತ ಉಚಿತ ಪಾಸ್ ಇದೆ. ಆನ್‌ಲೈನಿನಲ್ಲಿ ವೋಚರ್ ತೆಗೆದು ಕಾಗದದ ಮೇಲೆ ಪ್ರಿಂಟ್ ಹಾಕಿಸಿ ಒಯ್ಯಿರಿ.

ಇನ್ನೊಂದು: ಈ ಉದ್ಯಾನಗಳಲ್ಲಿ ಈಗ ಬಹಳ ಕಡೆ ಗೇಟಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ಡೆತ್ ವ್ಯಾಲಿಯಲ್ಲಂತೂ ಕಾರ್ಡ್ ಮಾತ್ರ.

ಹಾದಿಬದಿ

ಲೆಕ್ಕದವರೇ, ಇದು ಗೊತ್ತೇ ಇರಲಿಲ್ಲ, ತುಂಬಾ ಥ್ಯಾಂಕ್ಸ್. ಅಪ್ಪನಿಗೆ 250 ಡಾಲರನ್ನು ರೂಪಾಯಿಗೆ ಬದಲಾಯಿಸಿ ಹೇಳಲ್ಲ ಅಂತ ತೀರ್ಮಾನ ಮಾಡಿದ್ದೇನೆ.

ಸರಿ, ಸಿಕ್ವೋಯಾ ಜೂನ್‌ಗೆ. ಈಗ ಹೂವಿನ ಕಥೆ ಹೇಳಿ. ಮಾರ್ಚ್ ಮೊದಲ ವಾರ ಸರಿಯಾದ ಸಮಯಾನಾ?

ಶಟರ್

ಹೂವಿನ ವಿಷಯದಲ್ಲಿ ದಿನಾಂಕಕ್ಕಿಂತ ಮಳೆ ಮುಖ್ಯ. ಮೂರು ಕೂಡಿಬರಬೇಕು. ಶರತ್ಕಾಲದಿಂದ ಚಳಿಗಾಲದವರೆಗೆ ಬಿಟ್ಟು ಬಿಟ್ಟು ನೆಲ ನೆನೆಯುವಂಥ ಮಳೆ, ಆಮೇಲೆ ಹದವಾದ ಬಿಸಿಲು, ಮತ್ತೆ ಒಣಗಾಳಿ ಬೀಸದೇ ಇರುವುದು. ಆ ಬೀಜಗಳ ಸಿಪ್ಪೆ ದಪ್ಪ. ತುಂತುರಿಗೆ ಮೋಸಹೋಗಿ ಮೊಳೆಯದಂತೆ ಕಾಯುವುದೂ ಆ ಸಿಪ್ಪೆಯೇ. ಮಳೆ ಸಾಕಾಗದಿದ್ದರೆ ವರ್ಷಗಟ್ಟಲೆ ಮಣ್ಣಲ್ಲೇ ಮಲಗಿರುತ್ತವೆ. 1998, 2005, 2016ರಲ್ಲಿ ಕಣಿವೆಯೇ ಹಳದಿಯಾಗಿತ್ತು. ಅಂಥ ವರ್ಷಗಳ ಮಧ್ಯೆ ಖಾಲಿ ವರ್ಷಗಳೂ ಬೇಕಾದಷ್ಟಿವೆ.

ಇಲ್ಲೂ ಕಣಿವೆಯಂಚು ಹೇಳಿದ ಎತ್ತರದ ಲೆಕ್ಕವೇ. ಕಣಿವೆಯ ತಳ, ಕೆಳಗಿನ ಇಳಿಜಾರುಗಳಲ್ಲಿ ಫೆಬ್ರವರಿ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ. 3,000ದಿಂದ 5,000 ಅಡಿಯಲ್ಲಿ ಏಪ್ರಿಲ್‌ನಿಂದ ಮೇ ಶುರುವಿನವರೆಗೆ. ಅದಕ್ಕೂ ಮೇಲೆ ಮೇ, ಜೂನ್, ಜುಲೈ. ಹೂವು ಮೆಟ್ಟಿಲು ಹತ್ತಿದ ಹಾಗೆ ಮೇಲೇರುತ್ತದೆ. ಮಾರ್ಚ್ ಮೊದಲ ವಾರ ಹೋಗುವವರು ಬ್ಯಾಡ್‌ವಾಟರ್ ರಸ್ತೆಯ ದಕ್ಷಿಣ ಭಾಗದಲ್ಲಿ, ಬೆಟ್ಟದಿಂದ ಮಳೆನೀರು ಹರಡಿ ಇಳಿಯುವ ಜಲ್ಲಿಕಲ್ಲಿನ ಬಯಲುಗಳಲ್ಲಿ ಹುಡುಕಬೇಕು. ಉಪ್ಪಿನ ಹಾಸಿನಲ್ಲಿ ಏನೂ ಬೆಳೆಯಲ್ಲ, ಅಲ್ಲಿ ನಿಂತು ಹೂವೆಲ್ಲಿ ಅಂತ ಕೇಳುವವರನ್ನು ನೋಡಿದ್ದೇನೆ. ಹಳದಿಯಾಗಿ ಕಾಣೋದು ಜಾಸ್ತಿ ಡೆಸರ್ಟ್ ಗೋಲ್ಡ್ ಎಂಬ ಗಿಡ. ಉದ್ಯಾನದವರೇ ವಸಂತದಲ್ಲಿ ಹೂವಿನ ಸುದ್ದಿಯ ಪುಟ ನಡೆಸುತ್ತಾರೆ, ಹೊರಡುವ ವಾರ ಅದನ್ನು ಓದಿ.

ಹೂವಿನ ನಡುವೆ ಮಕ್ಕಳನ್ನು ಮಲಗಿಸಿ ಫೋಟೋ ತೆಗೆಯಬೇಡಿ, ದಯವಿಟ್ಟು. ತುಳಿದ ಗಿಡ ಬೀಜ ಬಿಡಲ್ಲ.

ಕಣಿವೆಯಂಚು

ಶಟರ್ ಹೇಳಿದ್ದಕ್ಕೆ ಸೇರಿಸುತ್ತೇನೆ: ಹೂವಿಲ್ಲದಿದ್ದರೂ ಡೆತ್ ವ್ಯಾಲಿಗೆ ಹೋಗಲು ಇದೇ ಸರಿಯಾದ ಕಾಲ. 1913ರ ಜುಲೈ 10ರಂದು 134 ಡಿಗ್ರಿ ಫ್ಯಾರನ್‌ಹೀಟ್ ದಾಖಲಾದ ಜಾಗ ಅದು. ಅಪ್ಪ ಅಮ್ಮನನ್ನು ಕರೆದೊಯ್ಯುವ ಕಾಲ ಅಂದರೆ ನವೆಂಬರ್‌ನಿಂದ ಮಾರ್ಚ್.

ಅಲ್ಲಿ ದೊಡ್ಡ ಅನುಕೂಲ ಏನಂದರೆ ಮುಖ್ಯ ಜಾಗಗಳೆಲ್ಲ ಟಾರು ರಸ್ತೆಯ ಪಕ್ಕದಲ್ಲೇ ಇವೆ. ಝಬ್ರಿಸ್ಕಿ ಪಾಯಿಂಟ್‌ನಲ್ಲಿ ಪಾರ್ಕಿಂಗ್‌ನಿಂದ ಸ್ವಲ್ಪ ಏರು, ಅಷ್ಟೇ. ಬ್ಯಾಡ್‌ವಾಟರ್‌ನಲ್ಲಿ ಸಮತಟ್ಟು ನೆಲ, ಎಷ್ಟು ಬೇಕೋ ಅಷ್ಟು ನಡೆದು ತಿರುಗಿ ಬರಬಹುದು. ಡಾಂಟೇಸ್ ವ್ಯೂಗೆ ಕಾರೇ ಹೋಗುತ್ತದೆ, 5,475 ಅಡಿ. ಅಲ್ಲಿ ನಿಂತರೆ ಬ್ಯಾಡ್‌ವಾಟರ್ ಕಾಲ ಕೆಳಗೆ, ಎದುರಿಗೆ 11,049 ಅಡಿಯ ಟೆಲಿಸ್ಕೋಪ್ ಪೀಕ್, ಮಾರ್ಚ್‌ನಲ್ಲಿ ತಲೆ ಮೇಲೆ ಹಿಮ. ಕೆಳಗೆ ಬೆವರಿದವರಿಗೆ ಅಲ್ಲಿ ಸ್ವೆಟರ್ ಬೇಕು. ಮೆಸ್ಕೀಟ್ ಫ್ಲಾಟ್ ಮರಳುದಿಬ್ಬಗಳಿಗೆ ಬೆಳಿಗ್ಗೆ ಬೇಗ ಹೋಗಿ. ಮಾರ್ಚ್ ಅಂದರೆ ಗಾಳಿ ಕಾಲವೂ ಹೌದು, ಮಧ್ಯಾಹ್ನದ ಮೇಲೆ ಮರಳು ಮುಖಕ್ಕೆ ಹೊಡೆಯುತ್ತದೆ.

ರೇಸ್‌ಟ್ರ್ಯಾಕ್‌ನಲ್ಲಿ ಬಂಡೆಗಳು ತಾವೇ ಜಾರುವ ಜಾಗ ಇದೆಯಲ್ಲ, ಅದನ್ನು ಮಕ್ಕಳು ಕೇಳುತ್ತಾರೆ. ಬಾಡಿಗೆ ಗಾಡಿಯಲ್ಲಿ ಬೇಡ. ಚೂಪು ಕಲ್ಲಿನ ಮಣ್ಣುರಸ್ತೆ, ಟೈರ್ ಹರಿದರೆ ಎಳೆದು ತರಲು ತೆರುವ ದುಡ್ಡಿಗೆ ಇನ್ನೊಂದು ಪ್ರವಾಸ ಮಾಡಬಹುದು. ಸ್ಕಾಟೀಸ್ ಕಾಸಲ್ ಎಂಬ ಹಳೆಯ ಬಂಗಲೆಗೆ 2015ರ ಅಕ್ಟೋಬರ್‌ನಲ್ಲಿ ಪ್ರವಾಹ ನುಗ್ಗಿತ್ತು, ಆಮೇಲೆ ಮೊದಲಿನ ಹಾಗೆ ತೆರೆದಿಲ್ಲ. ಹಳೆಯ ಬ್ಲಾಗ್ ಓದಿ ಅದನ್ನು ಪಟ್ಟಿಗೆ ಸೇರಿಸಬೇಡಿ.

ರಾತ್ರಿ ಉಳಿಯಲು ಫರ್ನೆಸ್ ಕ್ರೀಕ್‌ನಲ್ಲಿ ಸಿಕ್ಕರೆ ಒಳ್ಳೆಯದು, ಆದರೆ ದುಬಾರಿ. ಸ್ಟೋವ್‌ಪೈಪ್ ವೆಲ್ಸ್ ಅದಕ್ಕಿಂತ ಸರಳ. ಎರಡೂ ಸಿಗದಿದ್ದರೆ ಬೀಟಿ ಊರು, ಸುಮಾರು 40 ಮೈಲಿ.

ಬಿಸಿಲುಕುದುರೆ

ಪೆಟ್ರೋಲು ದಾರಿಯ ಪಹ್ರಂಪ್ ಊರಿನಲ್ಲೇ ತುಂಬಿಸಿ ಅಕ್ಕ. ಉದ್ಯಾನದೊಳಗೆ ಬಂಕ್ ಇದೆ, ಆದರೆ ರೇಟು ನೋಡಿದ್ರೆ ಬಾಯಾರುತ್ತೆ. ಫೋನ್ ಸಿಗ್ನಲ್ ಬಹಳ ಕಡೆ ಇಲ್ಲವೇ ಇಲ್ಲ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ವಿಸಿಟರ್ ಸೆಂಟರ್‌ನಲ್ಲಿ ಕಾಗದದ ಮ್ಯಾಪ್ ಇಸ್ಕೊಳ್ಳಿ. ಜಿಪಿಎಸ್ ‘ಹತ್ತಿರದ ದಾರಿ’ ಅಂತ ಮಣ್ಣುರಸ್ತೆಗೆ ತಿರುಗಿಸಿದರೆ ತಿರುಗಬೇಡಿ. ನೀರು ತಲೆಗೆ ದಿನಕ್ಕೆ ಒಂದು ಗ್ಯಾಲನ್ ಲೆಕ್ಕ, ಕುಡಿಯದಿದ್ದರೂ ಗಾಡಿಯಲ್ಲಿ ಇರಲಿ.

ದಕ್ಷಿಣಗಾಳಿ

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾವು ಡಲ್ಲಾಸ್‌ನಲ್ಲಿರೋದು. ಇದೇ ಮರುಭೂಮಿ ಮತ್ತು ಬೆಟ್ಟ ಎರಡೂ ಬೇಕು, ವಿಮಾನ ಬೇಡ. ನಮ್ಮ ಟೆಕ್ಸಸ್‌ನ ಬಿಗ್ ಬೆಂಡ್ ಉದ್ಯಾನ ಹೇಗೆ?

ಮಂಜುಹನಿ

ಬಿಗ್ ಬೆಂಡ್‌ನಲ್ಲಿ ಒಂದೇ ಉದ್ಯಾನದೊಳಗೆ ಎರಡೂ ಇದೆ. ರಿಯೋ ಗ್ರಾಂಡೆ ನದಿದಂಡೆ ಸುಮಾರು 1,800 ಅಡಿ, ಚಿಸೋಸ್ ಬೆಟ್ಟದ ನಡುವಿನ ಬೇಸಿನ್ 5,400, ಎಮೊರಿ ಪೀಕ್ 7,800 ಅಡಿ ದಾಟುತ್ತದೆ. ಸಾಂಟಾ ಎಲೆನಾ ಕಣಿವೆಯ ಗೋಡೆಗಳು 1,500 ಅಡಿ, ನದಿಯ ಒಂದು ದಡ ಟೆಕ್ಸಸ್, ಇನ್ನೊಂದು ದಡ ಮೆಕ್ಸಿಕೊ. ತೊಂದರೆ ಒಂದೇ. ಮಾರ್ಚ್‌ನ ಸ್ಪ್ರಿಂಗ್ ಬ್ರೇಕ್‌ನಲ್ಲಿ ಇಡೀ ಟೆಕ್ಸಸ್ ಅಲ್ಲೇ ಇರುತ್ತದೆ. ಉಳಿಯುವ ಜಾಗ ತಿಂಗಳುಗಟ್ಟಲೆ ಮೊದಲೇ ಹೋಗಿರುತ್ತೆ. ಸಿಗದಿದ್ದರೆ ಉದ್ಯಾನದ ಹೊರಗಿನ ಟರ್ಲಿಂಗ್ವಾ ಊರಿನಲ್ಲಿ ನೋಡಿ.

ಗ್ವಾಡಲೂಪ್ ಮೌಂಟನ್ಸ್ ಕೂಡ ಯೋಚನೆ ಮಾಡಬಹುದು. ಟೆಕ್ಸಸ್‌ನ ಅತಿ ಎತ್ತರದ ಶಿಖರ ಅಲ್ಲೇ, 8,751 ಅಡಿ. ಪಕ್ಕದಲ್ಲೇ ಕಾರ್ಲ್ಸ್‌ಬ್ಯಾಡ್ ಗುಹೆಗಳು, ಅದಕ್ಕೆ ಮೊದಲೇ ಸಮಯ ಕಾಯ್ದಿರಿಸಬೇಕು. ಆದರೆ ವಸಂತದಲ್ಲಿ ಅಲ್ಲಿನ ಗಾಳಿ ಕುಖ್ಯಾತ. ಟೆಂಟ್ ಹಾಕುವ ಯೋಚನೆ ಇದ್ದರೆ ಬಿಡಿ, ಬೆಳಿಗ್ಗೆ ಟೆಂಟ್ ನ್ಯೂ ಮೆಕ್ಸಿಕೊದಲ್ಲಿ ಸಿಗುತ್ತದೆ.

ದಕ್ಷಿಣಗಾಳಿ

ಹ್ಹ ಹ್ಹ. ಆಯ್ತು, ಬೇರೆ ಎಳೆ ಶುರು ಮಾಡುತ್ತೇನೆ. ಇದು ಹಾದಿಬದಿ ಅವರದ್ದು.

ಹಾದಿಬದಿ

ಪರವಾಗಿಲ್ಲ ಬಿಡಿ. ಈಗ ಝಯಾನ್. ನನ್ನ ಗಂಡನಿಗೆ ಏಂಜಲ್ಸ್ ಲ್ಯಾಂಡಿಂಗ್ ಹತ್ತಬೇಕು, ದೊಡ್ಡವಳಿಗೆ ನೀರಲ್ಲಿ ನಡೆಯುವ ನ್ಯಾರೋಸ್ ಬೇಕು. ಅಪ್ಪ ಅಮ್ಮ ಅಷ್ಟು ಹೊತ್ತು ಏನು ಮಾಡಬೇಕು?

ಮಂಜುಹನಿ

ಏಂಜಲ್ಸ್ ಲ್ಯಾಂಡಿಂಗ್‌ಗೆ 2022ರ ಏಪ್ರಿಲ್ 1ರಿಂದ ಪರ್ಮಿಟ್ ಕಡ್ಡಾಯ. ಲಾಟರಿ. ವಸಂತದ ಲಾಟರಿ ಜನವರಿ 20ಕ್ಕೇ ಮುಗಿಯುತ್ತೆ. ಅದು ತಪ್ಪಿದ್ದರೆ ಹಿಂದಿನ ದಿನದ ಲಾಟರಿ ಇದೆ: ಹತ್ತುವ ದಿನದ ಮುಂಚಿನ ದಿನ ಮಧ್ಯಾಹ್ನ 3ರೊಳಗೆ ಅರ್ಜಿ, 4ಕ್ಕೆ ಉತ್ತರ. ಅರ್ಜಿಗೆ 6 ಡಾಲರ್, ಸಿಕ್ಕರೆ ತಲೆಗೆ 3. ಸಿಗದಿದ್ದರೆ ಸ್ಕೌಟ್ ಲುಕ್‌ಔಟ್‌ವರೆಗೆ ಪರ್ಮಿಟ್ ಬೇಡ, ನೋಟ ಅಲ್ಲೂ ಭರ್ಜರಿ. ಆದರೆ ಮಾರ್ಚ್ ಶುರುವಿನಲ್ಲಿ ನೆರಳಿನ ತಿರುವುಗಳಲ್ಲಿ ಮಂಜುಗಡ್ಡೆ ಇರಬಹುದು. ಬೂಟಿಗೆ ಹಾಕುವ ಮೈಕ್ರೋಸ್ಪೈಕ್ ಇಟ್ಟುಕೊಳ್ಳಲಿ. ಕೊನೆಯ ಸರಪಳಿ ಹಿಡಿದು ಹತ್ತುವ ಭಾಗದಲ್ಲಿ ಮಂಜು ಕಂಡರೆ ತಿರುಗಿ ಬರಬೇಕು. ಪರ್ಮಿಟ್ ಸಿಕ್ಕಿದೆ ಅಂತ ಹತ್ತುವುದು ಕಾರಣವಲ್ಲ.

ನ್ಯಾರೋಸ್ ಈ ಸಲಕ್ಕೆ ಮಗಳಿಗೆ ಬೇಡ. ವರ್ಜಿನ್ ನದಿಯ ಹರಿವು ಸೆಕೆಂಡಿಗೆ 150 ಘನ ಅಡಿ ದಾಟಿದರೆ ಮುಚ್ಚುತ್ತಾರೆ, ವಸಂತದಲ್ಲಿ ಮೇಲಿನ ಹಿಮ ಕರಗುವಾಗ ಅದು ಮಾಮೂಲು. ತೆರೆದಿದ್ದರೂ ನೀರು ಮೂಳೆ ಕೊರೆಯುತ್ತೆ, ಡ್ರೈ ಸೂಟ್ ಬಾಡಿಗೆಗೆ ತರಬೇಕು. ಅದರ ಬದಲು ನ್ಯಾರೋಸ್‌ವರೆಗೆ ಹೋಗುವ ರಿವರ್‌ಸೈಡ್ ವಾಕ್‌ಗೆ ಎಲ್ಲರೂ ಒಟ್ಟಿಗೆ ಹೋಗಿ. ಒಂದು ಮೈಲಿ ಹೋಗುವುದು, ಒಂದು ಮೈಲಿ ಬರುವುದು, ಹಾಸಿದ ದಾರಿ, ಎರಡೂ ಕಡೆ ಆಕಾಶಕ್ಕೆ ಎದ್ದ ಗೋಡೆ. ಕೊನೆಯಲ್ಲಿ ನದಿ ದಾರಿಯನ್ನೇ ನುಂಗುತ್ತದೆ. ಅಲ್ಲಿ ಕೂತು ನೋಡಿದರೆ ಸಾಕು. ಅಪ್ಪನಿಗೆ ಇನ್ನೂ ನಡೆಯಬೇಕು ಅನಿಸಿದರೆ ಪಾರಸ್ ಟ್ರೇಲ್ ಸಮತಟ್ಟು.

ಕಣಿವೆಯಂಚು

ಝಯಾನ್‌ನ ಶಟಲ್ ಬಸ್ ಸಾಮಾನ್ಯವಾಗಿ ಮಾರ್ಚ್‌ನ ಮೊದಲರ್ಧದಲ್ಲಿ ಶುರುವಾಗುತ್ತದೆ. ಶುರುವಾದ ಮೇಲೆ ಕಣಿವೆಯ ಒಳರಸ್ತೆಗೆ ಸ್ವಂತ ಕಾರು ಬಿಡುವುದಿಲ್ಲ. ಅದಕ್ಕೂ ಮೊದಲು ಹೋದರೆ ಕಾರು ಒಯ್ಯಬಹುದು, ಆದರೆ ಪಾರ್ಕಿಂಗ್ ತುಂಬಿದ ಕೂಡಲೇ ತಡೆಯುತ್ತಾರೆ. ನಿಮ್ಮ ವಾರ ಈ ಎರಡರ ಗಡಿಯಲ್ಲಿದೆ. ದಿನಾಂಕ ನೋಡಿಕೊಂಡು ಹೊರಡಿ. ವಯಸ್ಸಾದವರಿಗೆ ನನ್ನ ಮಟ್ಟಿಗೆ ಶಟಲ್ ದಿನಗಳೇ ವಾಸಿ. ಬೇಕಾದಲ್ಲಿ ಇಳಿ, ಬೇಕಾದಲ್ಲಿ ಹತ್ತು.

ಶಟರ್

ನಾನೊಂದು ವಿರೋಧದ ಮಾತು ಹೇಳಲಾ? ಗ್ರ್ಯಾಂಡ್ ಕ್ಯಾನ್ಯನ್ ತೆಗೆದುಬಿಡಿ. ಝಯಾನ್‌ನಿಂದ ಸೌತ್ ರಿಮ್ ಸುಮಾರು 250 ಮೈಲಿ, ಅಲ್ಲಿಂದ ವೇಗಸ್ 280. ಒಂದು ನೋಟಕ್ಕಾಗಿ ಎರಡು ದಿನ ಗಾಡಿಯಲ್ಲಿ. ಆ ಎರಡು ದಿನ ಬ್ರೈಸ್, ಕ್ಯಾಪಿಟಲ್ ರೀಫ್‌ಗೆ ಕೊಟ್ಟರೆ ಬೆಳಕೂ ಸಿಗುತ್ತದೆ, ಜನವೂ ಕಡಿಮೆ.

ಬಿಸಿಲುಕುದುರೆ

ಶಟರ್ ಸರ್, ನಿಮಗೆ ಬೆಳಕು ಬೇಕು. ಅಷ್ಟು ದೂರದಿಂದ ಬಂದಿರೋ ಅಮ್ಮನಿಗೆ ಗ್ರ್ಯಾಂಡ್ ಕ್ಯಾನ್ಯನ್ ಬೇಕು. ವಾಪಸ್ ಹೋದ ಮೇಲೆ ಎಲ್ಲರೂ ಕೇಳೋದು ಅದೊಂದನ್ನೇ.

ಕಣಿವೆಯಂಚು

ನಾನೂ ಅಮ್ಮನ ಪಕ್ಷ. ಒಂದು ನೋಟ ಅನ್ನುವುದನ್ನು ಒಪ್ಪಲಾರೆ. ಸೌತ್ ರಿಮ್‌ನಲ್ಲಿ ರಾತ್ರಿ ಉಳಿದು ಸಂಜೆಯನ್ನೂ ಬೆಳಗನ್ನೂ ನೋಡಿದವರು ಹಾಗೆ ಹೇಳುವುದಿಲ್ಲ. ಅಂಚಿನ ರಿಮ್ ಟ್ರೇಲ್ ಮೇದರ್ ಪಾಯಿಂಟ್‌ನಿಂದ ಯಾವಪೈವರೆಗೆ ಹಾಸಿದ ದಾರಿ, ಮಂಡಿಗೆ ತೊಂದರೆ ಇಲ್ಲ. ಹರ್ಮಿಟ್ ರಸ್ತೆಗೆ ಮಾರ್ಚ್ 1ರಿಂದ ಉಚಿತ ಶಟಲ್ ಓಡುತ್ತದೆ. ಕೆಳಕ್ಕಿಳಿಯುವ ಬ್ರೈಟ್ ಏಂಜಲ್ ದಾರಿಯ ಮೊದಲ ಭಾಗ ನೆರಳಿನಲ್ಲಿದೆ, ಮಾರ್ಚ್‌ನಲ್ಲಿ ಗಟ್ಟಿ ಮಂಜು. ಅದು ನಿಮ್ಮ ಗಂಡನಿಗೆ, ಮೈಕ್ರೋಸ್ಪೈಕ್ ಇದ್ದರೆ ಮಾತ್ರ.

ಝಯಾನ್‌ನಿಂದ ಹೋಗುವಾಗ ಕನಾಬ್ ದಾಟಿದ ಮೇಲೆ ಎರಡು ದಾರಿ. 89ಎ ಹೆದ್ದಾರಿ ಜೇಕಬ್ ಲೇಕ್ ಮೂಲಕ ಸುಮಾರು 7,900 ಅಡಿಗೆ ಹತ್ತುತ್ತದೆ, ಹಿಮ ಬಿದ್ದರೆ ಕಷ್ಟ. 89ನೇ ಹೆದ್ದಾರಿ ಪೇಜ್ ಎಂಬ ಊರಿನ ಮೂಲಕ ತಗ್ಗಿನಲ್ಲೇ ಹೋಗುತ್ತದೆ. ಎರಡನೆಯದನ್ನೇ ಹಿಡಿಯಿರಿ. ದಾರಿಯಲ್ಲಿ ಹಾರ್ಸ್‌ಶೂ ಬೆಂಡ್ ಸಿಗುತ್ತದೆ, ಹೋಗಿಬರಲು ಒಂದೂವರೆ ಮೈಲಿ. ಪಾರ್ಕಿಂಗ್ ಪೇಜ್ ಊರಿನವರದ್ದು, ಉದ್ಯಾನದ ಪಾಸ್ ನಡೆಯಲ್ಲ. ಕ್ಯಾಮರಾನ್ ದಾಟಿ ಪೂರ್ವದ ಡೆಸರ್ಟ್ ವ್ಯೂ ಗೇಟಿನಿಂದ ಒಳಗೆ ಬಂದರೆ ಮೊದಲ ನೋಟವೇ ಅಗಲವಾಗಿ ತೆರೆದುಕೊಳ್ಳುತ್ತದೆ.

ಬ್ರೈಸ್ ಬಗ್ಗೆ ಒಂದು ಮಾತು. ಅದಕ್ಕೆ ಬೇರೆ ಹೋಟೆಲ್ ಮಾಡಬೇಡಿ. ಝಯಾನ್ ಪಕ್ಕದ ಸ್ಪ್ರಿಂಗ್‌ಡೇಲ್‌ನಿಂದ ಸುಮಾರು 85 ಮೈಲಿ, ಎರಡು ಗಂಟೆ. ಅಲ್ಲಿದ್ದಾಗ ಆಕಾಶ ತಿಳಿಯಾಗಿರುವ ದಿನ ಆರಿಸಿ ಹೋಗಿಬನ್ನಿ. ಹಿಮ ಬೀಳುವ ದಿನ ಝಯಾನ್‌ನಲ್ಲೇ ಇರಿ. ಸನ್‌ರೈಸ್ ಪಾಯಿಂಟ್‌ನಿಂದ ಸನ್‌ಸೆಟ್ ಪಾಯಿಂಟ್‌ಗೆ ಅರ್ಧ ಮೈಲಿ, ಅಷ್ಟೇ ಸಾಕು. ಕೆಂಪು ಕಲ್ಲಿನ ಕಂಬಗಳ ತಲೆ ಮೇಲೆ ಬಿಳಿ ಹಿಮ ಇರುವುದು ಇಂಥ ಚಳಿಯ ತಿಂಗಳುಗಳಲ್ಲೇ. ಆ ಕಂಬಗಳನ್ನು ಕೆತ್ತಿದ್ದೂ ಇದೇ ಹವೆ. ಹಗಲು ಕರಗಿದ ನೀರು ಬಿರುಕಿಗೆ ಇಳಿಯುತ್ತದೆ, ರಾತ್ರಿ ಹೆಪ್ಪುಗಟ್ಟಿ ಹಿಗ್ಗಿ ಕಲ್ಲನ್ನು ಸೀಳುತ್ತದೆ. 8,000 ಅಡಿಯಲ್ಲಿ ಅಪ್ಪ ಅಮ್ಮನಿಗೆ ಏದುಸಿರು ಬರಬಹುದು. ನಿಧಾನ ನಡೆಯಲಿ, ಬಿಪಿ ಮಾತ್ರೆ ಇದ್ದರೆ ಹೊರಡುವ ಮುಂಚೆ ಡಾಕ್ಟರ್ ಹತ್ತಿರ ಒಂದು ಮಾತು ಕೇಳಿ.

ಹಾದಿಬದಿ

ಎಲ್ಲ ಓದಿ ಹೊಸದಾಗಿ ಬರೆದೆ. ವೇಗಸ್‌ನಲ್ಲಿ ಇಳಿದು ನೇರ ಡೆತ್ ವ್ಯಾಲಿ, ಸ್ಟೋವ್‌ಪೈಪ್ ವೆಲ್ಸ್‌ನಲ್ಲಿ ಎರಡು ರಾತ್ರಿ. ವೇಗಸ್‌ಗೆ ವಾಪಸ್, ಒಂದು ರಾತ್ರಿ. ಸ್ಪ್ರಿಂಗ್‌ಡೇಲ್‌ನಲ್ಲಿ ಮೂರು ರಾತ್ರಿ, ಅದರಲ್ಲಿ ಆಕಾಶ ನೋಡಿಕೊಂಡು ಒಂದು ದಿನ ಬ್ರೈಸ್. ಪೇಜ್ ಮೇಲೆ ಸೌತ್ ರಿಮ್, ಎರಡು ರಾತ್ರಿ. ಕಿಂಗ್‌ಮನ್ ದಾರಿಯಲ್ಲಿ ವೇಗಸ್, ವಿಮಾನ. ಅಪ್ಪನಿಗೆ ಜೂನ್ ಅಂತ ಹೇಳಿದ್ದಾಯಿತು. ಮರ ಎಷ್ಟು ಎತ್ತರ ಅಂತ ಕೇಳಿದರು, 275 ಅಡಿ ಅಂದೆ, ಸಮಾಧಾನ ಆದರು.

ಶಟರ್

ಚೆನ್ನಾಗಿದೆ, ಸೋತೆ. ವೇಗಸ್‌ನಿಂದ ಸ್ಪ್ರಿಂಗ್‌ಡೇಲ್‌ಗೆ ಹೋಗುವ ದಿನ ಬೆಳಿಗ್ಗೆ ಬೇಗ ಹೊರಟು ವ್ಯಾಲಿ ಆಫ್ ಫೈರ್ ನೋಡಿ. ವೇಗಸ್‌ನಿಂದ ಒಂದು ಗಂಟೆ, ಹೈವೇಯಿಂದ ಸ್ವಲ್ಪ ಒಳಗೆ. ನೆವಾಡಾ ರಾಜ್ಯದ ಉದ್ಯಾನ, ರಾಷ್ಟ್ರೀಯ ಪಾಸ್ ಇಲ್ಲೂ ನಡೆಯಲ್ಲ. ಮಕ್ಕಳಿಗೆ ಬಂಡೆ ಹತ್ತಲು ಇದಕ್ಕಿಂತ ಒಳ್ಳೆಯ ಜಾಗ ನಿಮ್ಮ ದಾರಿಯಲ್ಲಿಲ್ಲ.

ಲೆಕ್ಕದವ

ಗಡಿಯಾರದ ಲೆಕ್ಕ ಒಂದು ಬಾಕಿ ಇದೆ. ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ನಿಮ್ಮ ದಾರಿಯಲ್ಲಿ ಅರಿಝೋನಾ ಮಾತ್ರ ಬದಲಾಯಿಸುವುದಿಲ್ಲ. ಆ ಭಾನುವಾರಕ್ಕೆ ಮುಂಚೆ ಝಯಾನ್, ಗ್ರ್ಯಾಂಡ್ ಕ್ಯಾನ್ಯನ್ ಒಂದೇ ಸಮಯ, ವೇಗಸ್ ಒಂದು ಗಂಟೆ ಹಿಂದೆ. ಆಮೇಲೆ ಗ್ರ್ಯಾಂಡ್ ಕ್ಯಾನ್ಯನ್ ಮತ್ತು ವೇಗಸ್ ಒಂದೇ ಸಮಯ, ಝಯಾನ್ ಒಂದು ಗಂಟೆ ಮುಂದೆ. ನವಾಹೋ ನೇಷನ್ ಎಂಬ ಮೂಲನಿವಾಸಿಗಳ ಪ್ರದೇಶ ಅರಿಝೋನಾದೊಳಗೇ ಇದ್ದರೂ ಗಡಿಯಾರ ಬದಲಾಯಿಸುತ್ತದೆ, ಹಾಗಾಗಿ ಪೇಜ್ ಸುತ್ತ ನಿಮ್ಮ ಫೋನ್ ಯಾವ ಟವರ್ ಹಿಡಿಯುತ್ತದೋ ಅದರ ಸಮಯ ತೋರಿಸುತ್ತದೆ. ನಿಮ್ಮ ವಾಪಸ್ ವಿಮಾನ ಆ ಭಾನುವಾರವೇ ಇರುವ ಹಾಗಿದೆ. ಅದು ಯಾವ ಸಮಯದಲ್ಲಿ ಬರೆದಿದೆ ನೋಡಿಕೊಳ್ಳಿ.

ಹಾದಿಬದಿ

ನೋಡಿದೆ. ಭಾನುವಾರವೇ, ಮಧ್ಯಾಹ್ನ ಎರಡೂವರೆ, ವೇಗಸ್ ಸಮಯ. ಸೌತ್ ರಿಮ್‌ನಿಂದ ಬೆಳಿಗ್ಗೆ ಆರಕ್ಕೆ ಹೊರಟರೆ ಸಾಕಾ?

ಬಿಸಿಲುಕುದುರೆ

ನಾಲ್ಕೂವರೆ ಗಂಟೆ ದಾರಿ, ಜೊತೆಗೆ ತಿಂಡಿ, ಬಾತ್‌ರೂಮು, ಗಾಡಿ ವಾಪಸ್ ಕೊಡೋದು. ಆರಕ್ಕೆ ಹೊರಟರೆ ಸರಿಯಾಗುತ್ತೆ. ಆದರೆ ಶನಿವಾರ ರಾತ್ರಿಯೇ ಪೆಟ್ರೋಲು ತುಂಬಿಸಿಡಿ, ಬೆಳಿಗ್ಗೆ ಗಾಜಿನ ಮೇಲಿನ ಮಂಜು ಕೆರೆಯೋಕೆ ಹತ್ತು ನಿಮಿಷ ಸೇರಿಸಿಕೊಳ್ಳಿ. ಬಾಡಿಗೆ ಗಾಡಿಯಲ್ಲಿ ಸ್ಕ್ರೇಪರ್ ಇರಲ್ಲ, ಹಳೇ ಪ್ಲಾಸ್ಟಿಕ್ ಕಾರ್ಡ್ ಒಂದು ಇಟ್ಕೊಳ್ಳಿ.